ಹಳೇ ಕಂಪ್ಯೂಟರಿಗೆ ಲ್ಯಾನ್ ಕೇಬಲ್ ಮ್ಯಾಲೇ ಲಿನಕ್ಸ್ ಹಾಕೋದು: ಸಿಡಿ ಬ್ಯಾಡ, ಪೆನ್‌ಡ್ರೈವ್ ಬ್ಯಾಡ

ಗುಳೇದಗುಡ್ಡದ ಹತ್ರ ಒಂದು ಹಳ್ಳಿ ಹೈಸ್ಕೂಲಿನ್ಯಾಗ 14 ಕಂಪ್ಯೂಟರ್ ಇದ್ವು. ಯಾವ್ದೋ ಆಫೀಸಿನವ್ರು ಹೊಸಾವು ತಗೊಂಡಾಗ ಹಳೇವನ್ನ ಸಾಲಿಗೆ ಕೊಟ್ಟಿದ್ರಂತ, ಬಂದಾಗಿಂದ ಮೂರ್ನಾಕ ವರ್ಷ ಹಳೇ ಚಾದರ ಹೊದ್ಕೊಂಡು ಹಂಗ ಕುಂತಿದ್ವು. ಹೆಚ್ಚಿನವ್ರಾಗ ವಿಂಡೋಸ್ ಎಕ್ಸ್‌ಪಿ, ಅದಕ್ಕ 2014ರ ಏಪ್ರಿಲ್‌ದಾಗ ಸಪೋರ್ಟ್ ನಿಂತು ಹೋಗೈತಿ, ಒಂದ್ನಾಕರಾಗ ವಿಂಡೋಸ್ 7, ಅದಕ್ಕೂ 2020ರ ಜನವರಿಗೆ ನಿಂತೈತಿ. ಹೆಡ್ ಮಾಸ್ತರ್ ನಂಗ ಫೋನ್ ಮಾಡಿ "ಗುಜರಿಗೆ ಹಾಕೋ ಮುಂಚೆ ಒಂದ್ಸಲ ಬಂದು ನೋಡಿ ಹೋಗಪಾ" ಅಂದ್ರು. ಹೋಗಿ ನೋಡಿದ್ರ ಎಂಟ್ರದ ಸಿಡಿ ಡ್ರೈವ್ ಬಾಗಲಾನ ತೆಗಿಯಂಗಿಲ್ಲ, ಆರು ಮಷೀನ್ ಪೆನ್‌ಡ್ರೈವ್‌ನಿಂದ ಬೂಟ್ ಆಗಂಗಿಲ್ಲ. ಆದ್ರ ಎಲ್ಲಾದರ ಹಿಂದ ಲ್ಯಾನ್ ಪೋರ್ಟ್ ಐತಿ. ಹಂಗಾಗಿ ವಿಂಡೋಸ್ ಬದ್ಲಿ ಲಿನಕ್ಸ್ ಅನ್ನೋ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ಮನ್ನ ನೆಟ್‌ವರ್ಕ್ ಮ್ಯಾಲೆ ಇನ್‌ಸ್ಟಾಲ್ ಮಾಡೋದಂತ ಠರಾಯಿಸಿದ್ವಿ. ಎರಡು ಶನಿವಾರ, ಒಂದು ಐತವಾರ ಹಿಡೀತು, 13 ಮಷೀನ್ ಎದ್ದು ನಿಂತ್ವು. ಹ್ಯಾಂಗ ಮಾಡಿದ್ವಿ ಅನ್ನೋದನ್ನ ಬಿಡಿಸಿ ಬರೀತೀನಿ, ನಿಮ್ಮೂರ ಸಾಲ್ಯಾಗೂ ಇಂಥಾವು ಇದ್ರ ಇದನ್ನ ನೋಡಿ ಮಾಡ್ಬಹುದು.

ಮದ್ಲ ಸಾಮಾನು

ಲಿನಕ್ಸ್ ಇರೋ ಒಂದು ಲ್ಯಾಪ್‌ಟಾಪ್, ಅದಕ್ಕ ಲ್ಯಾನ್ ಪೋರ್ಟ್ ಇರ್ಬೇಕು, ಇಲ್ಲಾಂದ್ರ ಯುಎಸ್‌ಬಿಗೆ ಹಚ್ಚೋ ಲ್ಯಾನ್ ಅಡಾಪ್ಟರ್ ನಡೀತೈತಿ. ಲಿನಕ್ಸಿನ್ಯಾಗ ಭಾಳ ಥರ ಅದಾವು, ನಂದು ಲಿನಕ್ಸ್ ಮಿಂಟ್. ಒಂದು 8 ಪೋರ್ಟಿನ ಸಾದಾ ಸ್ವಿಚ್, ಅದ್ರಾಗ ಒಂದು ಪೋರ್ಟ್ ಲ್ಯಾಪ್‌ಟಾಪಿಗೆ, ಉಳಿದ ಏಳು ಮಷೀನಿಗೆ. ಕೇಬಲ್ ಏಳೆಂಟು, ಮತ್ತ ಎಲ್ಲಾನೂ ಮದ್ಲ ಒಂದ್ಸಲ ಹಚ್ಚಿ ಲೈಟ್ ಹತ್ತತೈತೋ ಇಲ್ಲೋ ನೋಡ್ಕೋರಿ. ಇಂಟರ್ನೆಟ್ಟಿಗೆ ಮೊಬೈಲ್ ಹಾಟ್‌ಸ್ಪಾಟ್ ಸಾಕು. ಸಿಆರ್2032 ಅನ್ನೋ ನಾಣ್ಯದಂಥ ಬ್ಯಾಟರಿ ಮಷೀನಿಗೊಂದರಂಗ ತಗೋರಿ, ಇದು ಯಾಕಂತ ಮುಂದ ಹೇಳ್ತೀನಿ, ಇದನ್ನ ಬಿಟ್ಟು ಹೋದ್ರ ಭಾಳ ತ್ರಾಸ ಆಗ್ತೈತಿ. ಸ್ಕ್ರೂಡ್ರೈವರ್, ಬ್ರಷ್, ಪೆನ್ಸಿಲ್ ರಬ್ಬರ್.

ರಬ್ಬರ್ ಯಾಕಂದ್ರ ರ‍್ಯಾಮ್ ತಿಕ್ಕಾಕ. ಆ ಊರಾಗ ಮನಿ ಮನಿಗೂ ಮಗ್ಗ, ಕ್ಯಾಬಿನೆಟ್ ತಗದ್ರ ಒಳಗ ಫ್ಯಾನಿನ ಸುತ್ತ ಬೂದಿಬಣ್ಣದ ಅರಳೆ ಹಂಗ ಧೂಳು ಗಟ್ಟ್ಯಾಗಿ ಕುಂತಿತ್ತು, ಬೆರಳಿಗೆ ಸುತ್ಕೊಂಡು ಎಳದ್ರ ಒಂದೇ ತುಂಡಾಗಿ ಬರೋದು. ಆನ್ ಆಗದೇ ಬರೇ ಪೀಂ ಪೀಂ ಅಂತಿದ್ದ ಮೂರು ಮಷೀನಿನ ರ‍್ಯಾಮ್ ತಗದು, ಬಂಗಾರಬಣ್ಣದ ಹಲ್ಲಿನ ಮ್ಯಾಲೆ ರಬ್ಬರಿಂದ ತಿಕ್ಕಿ ಹಾಕಿದ್ವಿ, ಎರಡು ಚಾಲೂ ಆದ್ವು. ಇದೆಲ್ಲಾ ಮುಗಿಸದ ನೆಟ್‌ವರ್ಕಿಗೆ ಕೈ ಹಾಕಬ್ಯಾಡ್ರಿ.

ಇನ್ನೊಂದು. ಡಿಸ್ಕಿನ್ಯಾಗ ಇದ್ದದ್ದೆಲ್ಲಾ ಅಳಿಸಿ ಹೋಗ್ತೈತಿ, ಅದಕ್ಕ ಮದ್ಲ ಸಾಲಿಯವ್ರನ್ನ ಕೇಳ್ರಿ. ಒಂದು ಮಷೀನಿನ್ಯಾಗ ಹಳೇ ಗ್ಯಾದರಿಂಗ್ ಫೋಟೋ ಇದ್ವು, ಕನ್ನಡ ಅಕ್ಕೋರಿಗೆ ತೋರಿಸಿದ್ರ ಅವ್ರು ಅರ್ಧಾ ತಾಸು ಅಲ್ಲೇ ಕುಂತು ನೋಡಿದ್ರು. ಹಾರ್ಡ್‌ಡಿಸ್ಕ್ ಬಿಚ್ಚಿ ಎಲ್ಲಾ ಕಾಪಿ ಮಾಡಿ ಕೊಟ್ಟ ಮ್ಯಾಲೇನ ಆ ಮಷೀನ್ ಮುಟ್ಟಿದ್ವಿ.

32 ಬಿಟ್ಟೋ 64 ಬಿಟ್ಟೋ

ಪ್ರೊಸೆಸರಿನ್ಯಾಗ 32 ಬಿಟ್, 64 ಬಿಟ್ ಅಂತ ಎರಡು ಥರ, ಎರಡಕ್ಕೂ ಇನ್‌ಸ್ಟಾಲರ್ ಬ್ಯಾರೆ ಬ್ಯಾರೆ. ಹಳೇದಂದ್ರ ಎಲ್ಲಾನೂ 32 ಬಿಟ್ ಅಂತ ಭಾಳ ಮಂದಿ ತಿಳ್ಕೊಂಡಾರ, ಹಂಗಿಲ್ಲ. ಇಂಟೆಲ್‌ನ ಕೋರ್ 2 ಡ್ಯುಯೋ ಪ್ರೊಸೆಸರ್ 2006ರಾಗ ಬಂದದ್ದು, ಅದು 64 ಬಿಟ್. ಅದ್ರಾಗ ಹಳೇ ಎಕ್ಸ್‌ಪಿ ಹಾಕಿರ್ತಾರ ಅಂತ ನಮಗ 32 ಬಿಟ್ ಅನಸ್ತೈತಿ ಅಷ್ಟ. ಪೆಂಟಿಯಂ 4ರಾಗ ಎರಡೂ ಥರ ಅದಾವು. ಗೊತ್ತಾಗಲಿಲ್ಲಂದ್ರ ಸಲೀಸ ಹಾದಿ ಅಂದ್ರ 64 ಬಿಟ್ ಇನ್‌ಸ್ಟಾಲರನ್ನ ಸುಮ್ನ ಚಾಲೂ ಮಾಡಿ ನೋಡೋದು, ಪ್ರೊಸೆಸರ್ 32 ಬಿಟ್ ಇದ್ರ ಕರ್ನೆಲ್, ಅಂದ್ರ ಲಿನಕ್ಸಿನ ತಿರುಳು, ತಾನೇ "ನಂಗ 64 ಬಿಟ್ ಸಿಪಿಯು ಬೇಕು" ಅಂತ ಒಂದು ಸಾಲು ತೋರಿಸಿ ನಿಂತಬಿಡ್ತೈತಿ, ಡಿಸ್ಕಿಗೆ ಏನೂ ಆಗಂಗಿಲ್ಲ. ನಮ್ಮ 14ರಾಗ ಒಂಬತ್ತು 64 ಬಿಟ್ ಬಂದ್ವು, ಐದು 32 ಬಿಟ್ಟಿನ ಪೆಂಟಿಯಂ 4.

ನಾವು ಹಾಕಿದ್ದು ಡೆಬಿಯನ್ ಅನ್ನೋ ಲಿನಕ್ಸಿನ 12ನೇ ಆವೃತ್ತಿ. ಕಾರಣ ಇಷ್ಟ: 2025ರ ಆಗಸ್ಟ್‌ದಾಗ ಬಂದ ಡೆಬಿಯನ್ 13ಕ್ಕ 32 ಬಿಟ್ ಇನ್‌ಸ್ಟಾಲರೇ ಇಲ್ಲ, 12ಕ್ಕ ಐತಿ. ಒಂದೇ ಲ್ಯಾಬಿನ್ಯಾಗ ಎಲ್ಲಾ ಮಷೀನೂ ಒಂದೇ ಥರ ಕಾಣಬೇಕು ಅಂತ ಎಲ್ಲಾದಕ್ಕೂ 12 ಹಾಕಿದ್ವಿ. ನಿಮ್ಮ ಹತ್ರ ಬರೇ 64 ಬಿಟ್ ಇದ್ರ 13 ಹಾಕ್ರಿ. ಡೆಸ್ಕ್‌ಟಾಪ್ ಬೇಕಂದ್ರ ಕಮ್ಮೀತ ಕಮ್ಮಿ 1 ಜಿಬಿ ರ‍್ಯಾಮ್ ಇರ್ಲಿ, 2 ಇದ್ರ ಚಲೋ.

ಇದು ನಡಿಯೋದು ಹ್ಯಾಂಗ

ಬನಶಂಕರಿ ಜಾತ್ರಿಗೆ ಹೋದಾಗ ದಾಸೋಹದಾಗ ಊಟಕ್ಕ ಕುಂತಿರ್ತೀರಲ್ಲ, ಹಂಗ ತಿಳ್ಕೋರಿ. ಹೊಸದಾಗಿ ಬಂದವಂಗ ಮದ್ಲ ಒಬ್ರು "ನೀ ಇಲ್ಲಿ ಕುಂದ್ರು" ಅಂತ ಜಾಗ ತೋರಸ್ತಾರ, ಆಮ್ಯಾಲೆ ಒಬ್ರು ಎಲಿ ಹಾಕ್ತಾರ, ಕಡೀಕ ಅಡಗಿ ಬರ್ತೈತಿ. ನೆಟ್‌ವರ್ಕಿಂದ ಬೂಟ್ ಆಗು ಅಂತ ಹೇಳಿದ ಕಂಪ್ಯೂಟರ್ ಆನ್ ಆದಾಗ ಅದರ ಲ್ಯಾನ್ ಕಾರ್ಡಿನ್ಯಾಗ ಇರೋ ಪಿಎಕ್ಸ್ಇ ಅನ್ನೋ ಸಣ್ಣ ಪ್ರೋಗ್ರಾಂ "ನಂಗೊಂದು ಐಪಿ ಅಡ್ರೆಸ್ ಕೊಡ್ರಿ" ಅಂತ ಇಡೀ ನೆಟ್‌ವರ್ಕಿಗೆ ಕೂಗತೈತಿ. ಡಿಎಚ್‌ಸಿಪಿ ಅದಕ್ಕ ಅಡ್ರೆಸ್ ಕೊಟ್ಟು, ಬೂಟ್ ಫೈಲಿನ ಹೆಸರೂ ಹೇಳತೈತಿ. ಆ ಫೈಲನ್ನ ಟಿಎಫ್‌ಟಿಪಿ ಕಳಸ್ತೈತಿ. ಅದು ಬಂದ ಮ್ಯಾಲೆ ಕರ್ನೆಲ್ ಬಂದು ಇನ್‌ಸ್ಟಾಲರ್ ಚಾಲೂ ಆಗ್ತೈತಿ, ದೊಡ್ಡ ಊಟ, ಅಂದ್ರ ಪ್ಯಾಕೇಜೆಲ್ಲಾ, ಎಚ್‌ಟಿಟಿಪಿ ಮ್ಯಾಲೆ ಬರ್ತಾವು. ಈ ಮೂರೂ ಕೆಲಸ ನಮ್ಮ ಒಂದೇ ಲ್ಯಾಪ್‌ಟಾಪ್ ಮಾಡ್ತೈತಿ.

ಲ್ಯಾಪ್‌ಟಾಪ್ ತಯಾರ ಮಾಡೋದು

ವೈಫೈ ಮೊಬೈಲ್ ಹಾಟ್‌ಸ್ಪಾಟಿಗೆ ಹಚ್ರಿ. ಲ್ಯಾನ್ ಪೋರ್ಟಿಗೆ ಕೈಯಿಂದ ಐಪಿ ಕೊಡ್ರಿ, ನಾನು 192.168.50.1 ಕೊಟ್ಟಿದ್ದೆ, ಮಾಸ್ಕ್ 255.255.255.0, ಗೇಟ್‌ವೇ ಖಾಲಿ ಬಿಡ್ರಿ, ಅಲ್ಲಿ ಏನಾರ ತುಂಬಿದ್ರ ಲ್ಯಾಪ್‌ಟಾಪಿನ ಇಂಟರ್ನೆಟ್ ಲ್ಯಾನ್ ಕಡೆ ಹುಡುಕಾಕ ಹೋಗಿ ಬಂದ್ ಆಗ್ತೈತಿ. ನೆಟ್‌ವರ್ಕ್ ಸೆಟ್ಟಿಂಗಿನ್ಯಾಗ "ಬ್ಯಾರೆ ಕಂಪ್ಯೂಟರ್ ಜೋಡಿ ಶೇರ್ ಮಾಡು" ಅಂತ ಒಂದು ಆಯ್ಕೆ ಇರ್ತೈತಿ, ಅದನ್ನ ಆರಿಸಬ್ಯಾಡ್ರಿ, ಅದು ತನ್ನದೇ ಡಿಎಚ್‌ಸಿಪಿ ಚಾಲೂ ಮಾಡಿ ನಮ್ಮದರ ಜೋಡಿ ಜಗಳಕ್ಕ ಬೀಳ್ತೈತಿ.

ಈಗ ಡಿಎನ್‌ಎಸ್‌ಮಾಸ್ಕ್ ಅನ್ನೋ ಪ್ಯಾಕೇಜ್ ಹಾಕೋರಿ. ಡಿಎಚ್‌ಸಿಪಿ, ಟಿಎಫ್‌ಟಿಪಿ ಎರಡೂ ಇದರಾಗ ಅದಾವು. ಉಬುಂಟು, ಮಿಂಟ್ ಒಳಗ ಇದು ಹಾಕಿದ ಕೂಡ್ಲೇ "ಪೋರ್ಟ್ 53 ಖಾಲಿ ಇಲ್ಲ" ಅಂತ ಎರರ್ ಕೊಡಬಹುದು, ಗಾಬರಿ ಬ್ಯಾಡ. ಅದರ ಕಾನ್ಫಿಗ್ ಫೈಲ್ ತಗದು ಹಿಂಗ ಬರೀರಿ. ಪೋರ್ಟ್ ಅನ್ನೋದಕ್ಕ ಸೊನ್ನೆ, ಅಂದ್ರ ಡಿಎನ್‌ಎಸ್ ಕೆಲಸ (ಸೈಟಿನ ಹೆಸರಿಂದ ಅಡ್ರೆಸ್ ಹುಡುಕೋದು) ನೀ ಮಾಡಬ್ಯಾಡ ಅಂತ ಅರ್ಥ, ಎರರ್ ಅಲ್ಲಿಗೇ ಹೋಗ್ತೈತಿ. ಇಂಟರ್‌ಫೇಸ್ ಅನ್ನೋದಕ್ಕ ನಿಮ್ಮ ಲ್ಯಾನ್ ಪೋರ್ಟಿನ ಹೆಸರು, ತಪ್ಪಿ ವೈಫೈ ಹೆಸರು ಬರೀಬ್ಯಾಡ್ರಿ. ಡಿಎಚ್‌ಸಿಪಿ ರೇಂಜಿಗೆ 192.168.50.100ರಿಂದ 192.168.50.150ರ ತನಕ. ಡಿಎಚ್‌ಸಿಪಿ ಬೂಟ್ ಅನ್ನೋದಕ್ಕ ಪಿಎಕ್ಸ್ಇಲಿನಕ್ಸ್ ಡಾಟ್ ಸೊನ್ನೆ ಅನ್ನೋ ಫೈಲಿನ ಹೆಸರು, ಕೊನೀಗೆ ಇರೋದು ಸೊನ್ನೆ, ಓ ಅಕ್ಷರ ಅಲ್ಲ. ಆಮ್ಯಾಲೆ ಟಿಎಫ್‌ಟಿಪಿ ಚಾಲೂ ಮಾಡೋ ಒಂದು ಸಾಲು, ಫೈಲ್ ಇಟ್ಟ ಫೋಲ್ಡರ್ ಎಲ್ಲೈತಿ ಅನ್ನೋ ಒಂದು ಸಾಲು. ಒಟ್ಟ ಆರೇ ಆರು ಸಾಲು. ಲ್ಯಾಪ್‌ಟಾಪಿನ್ಯಾಗ ಫೈರ್‌ವಾಲ್, ಅಂದ್ರ ಹೊರಗಿಂದ ಬರೋದನ್ನ ತಡಿಯೋ ಕಾವಲು, ಇದ್ರ ಯುಡಿಪಿ ಪೋರ್ಟ್ 67, 69 ಎರಡೂ ಒಳಗ ಬರಾಕ ಬಿಡ್ರಿ, ಮುಂದ ಹೇಳೋ ಪ್ಯಾಕೇಜ್ ಕ್ಯಾಶಿಗೆ ಟಿಸಿಪಿ 3142ನೂ.

ಫೋಲ್ಡರಿನ್ಯಾಗ ಏನ ಇಡೋದು? ಡೆಬಿಯನ್ ಸೈಟಿನ್ಯಾಗ ನೆಟ್‌ಬೂಟ್ ಅಂತ ಒಂದು ಟಾರ್ ಫೈಲ್ ಸಿಗತೈತಿ, 64 ಬಿಟ್ಟಿಗೆ ಎಎಮ್‌ಡಿ64 ಅಂತ, 32 ಬಿಟ್ಟಿಗೆ ಐ386 ಅಂತ ಬ್ಯಾರೆ ಬ್ಯಾರೆ. ಸಿಡಿ ಇಮೇಜಿನಂಗ ದೊಡ್ಡದಲ್ಲ, ಮೊಬೈಲ್ ಡೇಟಾದಾಗೂ ಲಗೂನ ಇಳೀತೈತಿ. ಎರಡನ್ನೂ ಒಂದೇ ಫೋಲ್ಡರಿನ್ಯಾಗ ಬಿಚ್ಚಿದ್ರ ಒಂದರ ಮ್ಯಾಲೆ ಒಂದು ಬಿದ್ದು ಕಲಸಿ ಹೋಗ್ತೈತಿ, ಅದಕ್ಕ ಎರಡು ಫೋಲ್ಡರ್ ಮಾಡಿ, 64 ಬಿಟ್ಟಿನ ಮಷೀನೆಲ್ಲಾ ಮುಗದ ಮ್ಯಾಲೆ ಕಾನ್ಫಿಗ್‌ನ್ಯಾಗ ಫೋಲ್ಡರ್ ಹೆಸರು ಅಷ್ಟ ಬದಲಿಸಿ ಡಿಎನ್‌ಎಸ್‌ಮಾಸ್ಕ್ ರೀಸ್ಟಾರ್ಟ್ ಮಾಡ್ರಿ. ಫೈಲ್ ಎಲ್ಲಾನೂ ಯಾರ್ ಬೇಕಾದ್ರೂ ಓದೋ ಹಂಗ ಪರ್ಮಿಶನ್ ಇರ್ಬೇಕು. ಮತ್ತ ಇದನ್ನ ಕೆಲಸ ಇರೋ ವಾರದಾಗೇ ಹೊಸದಾಗಿ ಇಳಿಸ್ಕೋರಿ. ಹೋದ ವರ್ಷ ಇಳಿಸಿಟ್ಟ ಫೈಲ್ ಹಾಕಿದ್ರ ಇನ್‌ಸ್ಟಾಲರ್ ಅರ್ಧಕ್ಕ ಬಂದು "ಕರ್ನೆಲ್ ಮಾಡ್ಯೂಲ್ ಸಿಗಲಿಲ್ಲ" ಅಂತೈತಿ, ಯಾಕಂದ್ರ ಫೈಲಿನ ಒಳಗಿನ ಕರ್ನೆಲ್ ವರ್ಶನ್ ಹಳೇದಾಗಿರ್ತೈತಿ, ಸರ್ವರಿನ್ಯಾಗ ಹೊಸಾದು ಬಂದಿರ್ತೈತಿ.

ಡೇಟಾ ಉಳಿಸೋ ಕೆಲಸ ಇಲ್ಲೈತಿ

ಒಂದೊಂದು ಮಷೀನಿಗೆ ಡೆಸ್ಕ್‌ಟಾಪ್, ಲಿಬ್ರೆ ಆಫೀಸ್ ಎಲ್ಲಾ ಸೇರಿ ಒಂದು ಜಿಬಿ ಮ್ಯಾಲೆ ಡೌನ್‌ಲೋಡ್ ಆಗ್ತೈತಿ. 14 ಮಷೀನಿಗೆ ಲೆಕ್ಕಾ ಹಾಕ್ರಿ, ಹಾಟ್‌ಸ್ಪಾಟಿನ್ಯಾಗ ಆಗೋ ಮಾತಲ್ಲ. ಅದಕ್ಕ ಲ್ಯಾಪ್‌ಟಾಪಿನ್ಯಾಗ ಆಪ್ಟ್ ಕ್ಯಾಚರ್ ಎನ್‌ಜಿ ಅನ್ನೋ ಪ್ಯಾಕೇಜ್ ಹಾಕೋರಿ. ಇದಕ್ಕ ಸೆಟ್ಟಿಂಗ್ ಏನೂ ಬೇಕಾಗಿಲ್ಲ, ಹಾಕಿದ ಕೂಡ್ಲೇ 3142 ಪೋರ್ಟಿನ್ಯಾಗ ಕೆಲಸಕ್ಕ ನಿಂದ್ರತೈತಿ. ಮದಲ್ನೇ ಮಷೀನ್ ಕೇಳಿದ ಪ್ಯಾಕೇಜನ್ನ ಇಂಟರ್ನೆಟ್ಟಿನಿಂದ ತಂದು ತನ್ನ ಹತ್ರ ಇಟಗೊಂತೈತಿ, ಇದಕ್ಕ ಕ್ಯಾಶ್ ಅಂತಾರ, ಎರಡನೇದರಿಂದ ಲ್ಯಾಪ್‌ಟಾಪಿಂದೇ ಕೊಡತೈತಿ. ನಮ್ಮ ಮದಲ್ನೇ ಮಷೀನಿಗೆ ಎರಡೂವರೆ ತಾಸು ಹಿಡೀತು, ಎರಡನೇದಕ್ಕ ನಲವತ್ತು ನಿಮಿಷ, ಅದೂ ಆ ಹಳೇ ಹಾರ್ಡ್‌ಡಿಸ್ಕ್ ನಿಧಾನ ಅಂತ. 32 ಬಿಟ್ಟಿಗೆ ಬಂದಾಗ ಮತ್ತ ಒಂದ್ಸಲ ಹೊಸದಾಗಿ ಇಳಸ್ತೈತಿ, ಅದಕ್ಕ ಅವೆರಡೂ ಬ್ಯಾಚನ್ನ ಬ್ಯಾರೆ ಬ್ಯಾರೆ ದಿನ ಇಟಗೋರಿ, ದಿನದ ಡೇಟಾ ಲಿಮಿಟ್ ಇದ್ದವ್ರಿಗೆ ಅನುಕೂಲ.

ಒಂದೇ ಮಷೀನಿನಿಂದ ಚಾಲೂ ಮಾಡ್ರಿ

ಏಳೂ ಒಮ್ಮೆ ಹಚ್ಚಿ ಆನ್ ಮಾಡಬ್ಯಾಡ್ರಿ. ಒಂದು ಮಷೀನ್ ಹಚ್ರಿ, ಬಯಾಸ್, ಅಂದ್ರ ಮಷೀನ್ ಆನ್ ಆಗುವಾಗಿನ ಸೆಟ್ಟಿಂಗ್, ಒಳಗ ಹೋಗ್ರಿ. ಅಲ್ಲಿ ಲ್ಯಾನ್ ಬೂಟ್ ರಾಮ್ ಅಂತಲೋ, ಪಿಎಕ್ಸ್ಇ ಅಂತಲೋ, ನೆಟ್‌ವರ್ಕ್ ಬೂಟ್ ಅಂತಲೋ ಇರ್ತೈತಿ, ಅದನ್ನ ಎನೇಬಲ್ ಮಾಡಿ ಸೇವ್ ಮಾಡ್ರಿ. ಕೆಲವು ಬೋರ್ಡಿನ್ಯಾಗ ಇದನ್ನ ಎನೇಬಲ್ ಮಾಡಿ ಒಮ್ಮೆ ರೀಸ್ಟಾರ್ಟ್ ಆದ ಮ್ಯಾಲೇನ ಬೂಟ್ ಲಿಸ್ಟಿನ್ಯಾಗ ನೆಟ್‌ವರ್ಕ್ ಕಾಣಸ್ತೈತಿ. ಸ್ವಲ್ಪ ಹೊಸ ಮಷೀನ್ ಇದ್ರ ಯುಇಎಫ್‌ಐ ಅನ್ನೋ ಹೊಸ ಬೂಟ್ ಪದ್ಧತಿ ಬಿಟ್ಟು ಲೆಗಸಿ ಅನ್ನೋ ಹಳೇ ಪದ್ಧತಿಗೆ ತಿರುಗಿಸ್ರಿ, ನಾವಿಟ್ಟ ಫೈಲ್ ಲೆಗಸಿಗೆ ಅಷ್ಟ ನಡೀತೈತಿ. ಬೂಟ್ ಆರ್ಡರ್ ಬದಲಿಸಬ್ಯಾಡ್ರಿ, ಆನ್ ಮಾಡುವಾಗ ಎಫ್12 ಒತ್ತಿ ಆ ಒಂದು ಸಲಕ್ಕ ನೆಟ್‌ವರ್ಕ್ ಆರಿಸ್ರಿ, ಬ್ಯಾರೆ ಕಂಪನಿ ಮಷೀನಿಗೆ ಕೀ ಬ್ಯಾರೆ ಇರಬಹುದು, ಸ್ಕ್ರೀನಿನ ಕೆಳಗ ಬರದಿರ್ತೈತಿ.

ಆಗ ಕಪ್ಪು ಸ್ಕ್ರೀನಿನ ಮ್ಯಾಲೆ ಮ್ಯಾಕ್ ಅಡ್ರೆಸ್ ಬಂದು, ಕೆಳಗ ಡಿಎಚ್‌ಸಿಪಿ ಅಂತ ಬರದು ಮುಂದ ಒಂದು ಸಣ್ಣ ಗೆರಿ ಗಿರಗಿರ ತಿರಗತೈತಿ. ಅದೇ ಹೊತ್ತಿಗೆ ಲ್ಯಾಪ್‌ಟಾಪಿನ್ಯಾಗ ಡಿಎನ್‌ಎಸ್‌ಮಾಸ್ಕ್ ಲಾಗ್ ತಗದು ಇಟಗೋರಿ, ನನ್ನ ಅನುಭವದಾಗ ಅರ್ಧ ಕೆಲಸ ಆ ಲಾಗೇ ಮಾಡ್ತೈತಿ. ಡಿಸ್ಕವರ್, ಆಫರ್, ರಿಕ್ವೆಸ್ಟ್, ಆಕ್ ಅಂತ ನಾಲ್ಕು ಸಾಲು ಬರ್ಬೇಕು, ಅದರ ಹಿಂದ ಫೈಲ್ ಕಳಿಸಿದೆ ಅನ್ನೋ ಸಾಲು. ಮಷೀನಿನ ಸ್ಕ್ರೀನಿಗೆ ಡೆಬಿಯನ್ ಮೆನು ಬಂತಂದ್ರ ದೊಡ್ಡ ಕೆಲಸ ಆತು.

ಬರಲಿಲ್ಲಂದ್ರ ಸ್ಕ್ರೀನ್ ಮ್ಯಾಲಿನ ನಂಬರ್ ಓದ್ರಿ, ಅದು ಖರೇ ಹೇಳತೈತಿ. ಪಿಎಕ್ಸ್ಇ-ಇ61 ಬಂದ್ರ ಕೇಬಲ್, ಬ್ಯಾರೆ ಏನೂ ನೋಡಬ್ಯಾಡ್ರಿ, ಕೇಬಲ್ ಬದಲಿಸ್ರಿ, ಪೋರ್ಟ್ ಬದಲಿಸ್ರಿ. ನಮಗ ನಾಲ್ಕು ಕಡೆ ಇದೇ ಬಂತು, ಮೂರರಾಗ ಕೇಬಲಿನ ತುದಿಯ ಪ್ಲಾಸ್ಟಿಕ್ ಕ್ಲಿಪ್ ಮುರದು ಸಡಲಾಗಿತ್ತು, ಒಂದ್ರಾಗ ಲ್ಯಾನ್ ಪೋರ್ಟೇ ಸತ್ತಿತ್ತು. ಆ ಒಂದು ಮಷೀನೇ ನಮಗ ಕಡೀತನಕ ಏಳಲಿಲ್ಲ, ಅದರ ರ‍್ಯಾಮ್ ತಗದು ಬ್ಯಾರೇದಕ್ಕ ಹಾಕಿದ್ವಿ. ಇ51 ಬಂದ್ರ ಕೂಗಿದ್ದಕ್ಕ ಯಾರೂ ಓ ಅನ್ನಲಿಲ್ಲ ಅಂತ, ಡಿಎನ್‌ಎಸ್‌ಮಾಸ್ಕ್ ಚಾಲೂ ಇಲ್ಲ, ಇಲ್ಲಾ ಇಂಟರ್‌ಫೇಸ್ ಹೆಸರು ತಪ್ಪೈತಿ, ಇಲ್ಲಾ ಫೈರ್‌ವಾಲ್. ಇ53 ಅಂದ್ರ ಐಪಿ ಸಿಕ್ಕಿತು ಆದ್ರ ಬೂಟ್ ಫೈಲಿನ ಹೆಸರು ಸಿಗಲಿಲ್ಲ, ಇದು ಹೆಚ್ಚಾಗಿ ಅದೇ ಸ್ವಿಚ್ಚಿಗೆ ಸಾಲಿಯ ಇಂಟರ್ನೆಟ್ ರೌಟರೂ ಹಚ್ಚಿದ್ರ ಬರ್ತೈತಿ, ರೌಟರ್ ಮದ್ಲ ಉತ್ತರ ಕೊಟ್ಟಬಿಡ್ತೈತಿ. ರೌಟರಿನ ಕೇಬಲ್ ತಗದು ಬಾಜೂಕ ಇಡ್ರಿ. ಇ32 ಅಂದ್ರ ಟಿಎಫ್‌ಟಿಪಿ ಉತ್ತರ ಕೊಡವಲ್ದು, ಫೈರ್‌ವಾಲಿನ್ಯಾಗ 69 ನೋಡ್ರಿ. ಟಿ01 ಅಂದ್ರ ಆ ಹೆಸರಿನ ಫೈಲ್ ಇಲ್ಲ, ಫೋಲ್ಡರ್ ದಾರಿ, ಹೆಸರು, ಆ ಸೊನ್ನೆ ಮತ್ತೊಮ್ಮೆ ನೋಡ್ರಿ.

ಲ್ಯಾನ್ ಕಾರ್ಡಿನ್ಯಾಗ ಪಿಎಕ್ಸ್ಇ ಇಲ್ಲದಂಥ ಭಾಳ ಹಳೇ ಮಷೀನ್ ಇದ್ರ ಐಪಿಎಕ್ಸ್ಇ ಅನ್ನೋದನ್ನ ಸಿಡಿಗೋ ಪೆನ್‌ಡ್ರೈವಿಗೋ ಬರದು ಅದರಿಂದ ಚಾಲೂ ಮಾಡ್ಬಹುದು, ಮುಂದಿನದೆಲ್ಲಾ ಇದೇ.

ಇನ್‌ಸ್ಟಾಲರ್ ಕೇಳೋ ಪ್ರಶ್ನೆ

ಭಾಷೆ, ದೇಶ, ಕೀಬೋರ್ಡ್ ಎಲ್ಲಾ ನಿಮಗ ಗೊತ್ತಿರೋದ. ಲ್ಯಾನ್ ಕಾರ್ಡಿಗೆ ಫರ್ಮ್‌ವೇರ್ ಬೇಕು ಅಂತ ಕೇಳಿದ್ರ ಒಮ್ಮೆ ಇಲ್ಲ ಅಂದು ಮುಂದ ಹೋಗಿ ನೋಡ್ರಿ, ರಿಯಲ್‌ಟೆಕ್ ಕಾರ್ಡ್ ಹೆಚ್ಚಿನವು ಅದಿಲ್ಲದೇನೂ ನಡೀತಾವು. ಮಿರರ್, ಅಂದ್ರ ಡೆಬಿಯನ್ ಪ್ಯಾಕೇಜ್ ಇಟ್ಟಿರೋ ಸರ್ವರ್, ಆರಿಸುವಾಗ ಎಚ್‌ಟಿಟಿಪಿ ಇರ್ಲಿ, ಎಚ್‌ಟಿಟಿಪಿಎಸ್ ಬ್ಯಾಡ, ಎಸ್ ಇದ್ದದ್ದನ್ನ ನಮ್ಮ ಕ್ಯಾಶ್ ಹಿಡದು ಇಟಗೊಳ್ಳಂಗಿಲ್ಲ. ಆಮ್ಯಾಲೆ ಪ್ರಾಕ್ಸಿ ಅಂತ ಒಂದು ಡಬ್ಬಿ ಬರ್ತೈತಿ, ಎಲ್ಲಾರೂ ಅದನ್ನ ಖಾಲಿ ಬಿಟ್ಟು ಎಂಟರ್ ಒತ್ತತಾರ, ನೀವು ಹಂಗ ಮಾಡಬ್ಯಾಡ್ರಿ. ಅಲ್ಲಿ ಲ್ಯಾಪ್‌ಟಾಪಿನ ಐಪಿ, ಕೋಲನ್, 3142 ಬರೀರಿ. ಈ ಮಷೀನುಗಳಿಗೆ ನೇರ ಇಂಟರ್ನೆಟ್ ಇಲ್ಲ, ಇರೋ ಒಂದೇ ಬಾಗಲಾ ಇದು. ಡೆಸ್ಕ್‌ಟಾಪ್ ಆರಿಸುವಾಗ ಭಾರ ಆಗೋ ಗ್ನೋಮ್ ತಗದು ಹಗುರಾದ ಎಲ್‌ಎಕ್ಸ್‌ಡಿಇ ಇಲ್ಲಾ ಎಕ್ಸ್‌ಎಫ್‌ಸಿಇ ಹಾಕ್ರಿ, 1 ಜಿಬಿ ಮಷೀನಿಗೆ ಎಲ್‌ಎಕ್ಸ್‌ಡಿಇನ ಬರೋಬ್ಬರಿ.

ಈಗ ಬ್ಯಾಟರಿ ಸುದ್ದಿ. ಮೂರನೇ ಮಷೀನಿನ ಮುಂದ ಒಂಬತ್ತನೇ ತರಗತಿ ಹುಡುಗಿ ಕುಂತಿದ್ಲು, "ಸರ, ಇದು ನಿಂತಬಿಡ್ತ್ರಿ" ಅಂದ್ಲು. ನೋಡಿದ್ರ ಕೆಂಪು ಸ್ಕ್ರೀನು, ಪ್ಯಾಕೇಜ್ ಖರೇ ಡೆಬಿಯನ್ನಿಂದೇ ಬಂದಾವು ಅಂತ ತೋರಿಸೋ ರಿಲೀಸ್ ಫೈಲಿನ ಸಹಿ ಸರಿ ಇಲ್ಲ ಅಂತ. ಅದರ ಬಾಜೂಕಿನ ಮಷೀನ್ ಅದೇ ಲ್ಯಾಪ್‌ಟಾಪಿಂದ, ಅದೇ ಫೈಲ್ ತಗೊಂಡು ಚಲೋತ್ನಾಗ ಓಡಾಕ ಹತ್ತಿತ್ತು. ಮಿರರ್ ಬದಲಿಸಿದ್ವಿ, ಕ್ಯಾಶ್ ಅಳಿಸಿದ್ವಿ, ಒಂದು ತಾಸು ಹೋತು. ಕಡೀಕ ಆಲ್ಟ್ ಎಫ್2 ಒತ್ತಿ ಶೆಲ್ಲಿಗೆ, ಅಂದ್ರ ಕಮಾಂಡ್ ಬರಿಯೋ ಜಾಗಕ್ಕ, ಹೋಗಿ ತಾರೀಖು ಕೇಳಿದ್ರ 2005ನೇ ಇಸವಿ ತೋರಸ್ತೈತಿ. ಬೋರ್ಡ್ ಮ್ಯಾಲಿನ ಬ್ಯಾಟರಿ ಸತ್ತು, ಪ್ಲಗ್ ತಗದಾಗೊಮ್ಮೆ ಗಡಿಯಾರ ಹಿಂದಕ್ಕ ಹೋಗಿ ಕುಂದ್ರತಿತ್ತು. ಡೆಬಿಯನ್ 12ರ ಸಹಿ ಮಾಡಿದ ಕೀಲಿ 2005ರಾಗ ಇನ್ನೂ ಹುಟ್ಟೇ ಇಲ್ಲ, ಹಂಗಾಗಿ ಅದನ್ನ ನಂಬಂಗಿಲ್ಲ ಅಂತ ಮಷೀನ್ ನಿಂತಿತ್ತು. ನೇರ ಇಂಟರ್ನೆಟ್ ಇದ್ರ ಇನ್‌ಸ್ಟಾಲರ್ ತಾನೇ ಟೈಮ್ ಸರಿ ಮಾಡ್ಕೊಳ್ಳಾಕ ನೋಡ್ತಿತ್ತು, ನಮ್ಮ ವ್ಯವಸ್ಥಾದಾಗ ಅದಕ್ಕ ಹಾದಿ ಇಲ್ಲ. ಆ ಹುಡುಗೀನ ಹಳೇ ಬ್ಯಾಟರಿ ತಗದು ಹೊಸಾದು ಹಾಕಿದ್ಲು, ಬಯಾಸಿನ್ಯಾಗ ತಾರೀಖು ತಿದ್ದಿದ್ಲು. ಒಂದು ನೆನಪಿರ್ಲಿ, ಬ್ಯಾಟರಿ ತಗದ ಕೂಡ್ಲೇ ಬಯಾಸ್ ಸೆಟ್ಟಿಂಗೂ ಮೂಲಕ್ಕ ಹೋಗ್ತಾವು, ನೀವು ಎನೇಬಲ್ ಮಾಡಿದ್ದ ಪಿಎಕ್ಸ್ಇ ಮತ್ತ ಬಂದ್ ಆಗಿರ್ತೈತಿ. ಅದಕ್ಕ ಎಲ್ಲಾದಕ್ಕೂ ಮದ್ಲ ಬ್ಯಾಟರಿ ಹಾಕಿ ಆಮ್ಯಾಲೆ ಬಯಾಸ್ ಮುಟ್ರಿ.

ಇನ್‌ಸ್ಟಾಲರ್ ಬ್ಯಾರೆ ಎಲ್ಲೇ ನಿಂತ್ರೂ ಆಲ್ಟ್ ಎಫ್4 ಒತ್ರಿ, ಲಾಗ್ ಕಾಣಸ್ತೈತಿ, ಆಲ್ಟ್ ಎಫ್1ಕ್ಕ ವಾಪಸ್ ಬರ್ತೀರಿ.

ನಲವತ್ತೈವತ್ತು ಮಷೀನ್ ಇದ್ದವ್ರು ಪ್ರಿಸೀಡ್ ಅಂತ ಉತ್ತರದ ಫೈಲ್ ಬರದಿಟ್ಟು ಒಂದೂ ಪ್ರಶ್ನೆ ಕೇಳದಂಗ ಮಾಡ್ಬಹುದು. ಆದ್ರ ಡಿಸ್ಕ್ ಅಳಿಸೋ ಪ್ರಶ್ನೆಗೂ ಅದ್ರಾಗ ಹೂಂ ಅಂತ ಬರದಿರ್ತೀರಿ, ಬಯಾಸಿನ್ಯಾಗ ನೆಟ್‌ವರ್ಕ್ ಮದ್ಲ ಅಂತ ಇದ್ರ ಮುಗದ ಮಷೀನ್ ರೀಸ್ಟಾರ್ಟ್ ಆಗಿ ಮತ್ತ ಮದಲಿಂದ ಇನ್‌ಸ್ಟಾಲ್ ಆಗಾಕ ಹತ್ತತೈತಿ, ಹಿಂಗ ಸುತ್ತತಾನ ಇರ್ತೈತಿ. ಹದಿನಾಲ್ಕಕ್ಕ ಕೈಯಿಂದನ ಚಲೋ, ಹುಡ್ರೂ ಕಲೀತಾರ.

ಮುಗದ ಮ್ಯಾಲೆ

ನಾವು ಬರದ ಪ್ರಾಕ್ಸಿ ಆ ಮಷೀನಿನ್ಯಾಗ ಹಂಗ ಉಳ್ಕೊಂಡಿರ್ತೈತಿ. ನೀವು ಲ್ಯಾಪ್‌ಟಾಪ್ ತಗೊಂಡು ಮನಿಗೆ ಬಂದ್ರಿ ಅಂದ್ರ ಮರುದಿನ ಅವ್ರು ಏನಾರ ಅಪ್‌ಡೇಟ್ ಮಾಡಾಕ ಹೋದ್ರ ಇಲ್ಲದ ಲ್ಯಾಪ್‌ಟಾಪನ್ನ ಹುಡುಕಿ ಸೋಲತೈತಿ. ಇಟಿಸಿ ಒಳಗ ಆಪ್ಟ್ ಫೋಲ್ಡರಿನ್ಯಾಗ ಆಪ್ಟ್ ಡಾಟ್ ಕಾನ್ಫ್ ಅಂತ ಫೈಲ್ ಇರ್ತೈತಿ, ಅದರಾಗಿನ ಪ್ರಾಕ್ಸಿ ಸಾಲು ಅಳಿಸ್ರಿ.

ಅಳಿಸೋ ಮುಂಚೆ ಕನ್ನಡ ಹಾಕಿ ಬಿಡ್ರಿ, ಕ್ಯಾಶ್ ಇನ್ನೂ ಇರ್ತೈತಲ್ಲ. ಕನ್ನಡ ಫಾಂಟಿನ ಪ್ಯಾಕೇಜ್ ಹಾಕಿದ್ರ ಗುಬ್ಬಿ, ನವಿಲು ಫಾಂಟೆಲ್ಲಾ ಬರ್ತಾವು. ಟೈಪಿಂಗಿಗೆ ಐಬಸ್, ಅದರ ಜೋಡಿ ಎಮ್17ಎನ್. ಅದ್ರಾಗ ಕೆಜಿಪಿ ಅನ್ನೋ ಲೇಔಟ್ ಆರಿಸ್ರಿ, ಕೆ.ಪಿ. ರಾವ್ ಅವ್ರು ಮಾಡಿದ ಕೀಲಿಮಣೆ, ನುಡಿ ಸಾಫ್ಟ್‌ವೇರಿನ್ಯಾಗ ಟೈಪ್ ಮಾಡಿ ರೂಢಿ ಇರೋ ಮಾಸ್ತರಿಗೆ ಬೆರಳು ತಾನಾಗೇ ಹೊಂದತಾವು. ಕನ್ನಡ ಅಕ್ಕೋರು ಮದಲ್ನೇ ಸಲ ಕುಂತು ಹಾಜರಿ ಪಟ್ಟಿಯ ಹೆಸರು ಒಂದೂ ತಪ್ಪದಂಗ ಟೈಪ್ ಮಾಡಿದ್ರು, ಯಾರೂ ಏನೂ ಹೇಳಿಕೊಟ್ಟಿರಲಿಲ್ಲ.

ಕಡೀಕ, ಅಲ್ಲಿಂದ ಹೊಂಡೋ ಮುಂಚೆ ಲ್ಯಾಪ್‌ಟಾಪಿನ್ಯಾಗ ಡಿಎನ್‌ಎಸ್‌ಮಾಸ್ಕ್ ಬಂದ್ ಮಾಡ್ರಿ, ಬರೇ ಸ್ಟಾಪ್ ಅಲ್ಲ, ಡಿಸೇಬಲ್. ನಾನು ಮದಲ್ನೇ ಶನಿವಾರ ಮರ್ತು ಬಂದು, ಸೋಮವಾರ ಕೆಲಸದ ಜಾಗದಾಗ ಅದೇ ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಹಚ್ಚಿದೆ. ಹತ್ತು ನಿಮಿಷದಾಗ ಬಾಜೂಕಿನ ಟೇಬಲ್ಲಿನವ್ರಿಗೆಲ್ಲಾ ನನ್ನ ಲ್ಯಾಪ್‌ಟಾಪಿಂದ ಐಪಿ ಹೋಗಿ ಇಂಟರ್ನೆಟ್ ನಿಂತಿತ್ತು, ನೆಟ್‌ವರ್ಕ್ ನೋಡ್ಕೊಳ್ಳೋ ಅಣ್ಣಾರು ಮಧ್ಯಾಹ್ನದ ತನಕ ರೌಟರ್ ಬಿಚ್ಚಿ ಹಾಕ್ಕೊಂತ ಕುಂತಿದ್ರು.